ಎಣಿಸಿ ಹಾಕುವ ಹೂ, ಬರೆದು ಹಾಕುವ ಹೂ: ಸೀರೆಗೆ, ಬ್ಲೌಸಿಗೆ ಯಾವ ಕೈಕೆಲಸ ಆರಿಸಬೇಕು?

ತಂಗಿಯ ಕುಬಸಕ್ಕೆ ಹಸಿರು ಇಳಕಲ್ ಸೀರೆ ತಂದೆವು. ಸೀರೆ ಯಾವುದು ಅಂತ ಐದು ನಿಮಿಷದಲ್ಲಿ ತೀರ್ಮಾನ ಆಯ್ತು. ಜಗಳ ಶುರುವಾಗಿದ್ದು ಅದರ ಮೇಲೆ ಯಾವ ಹೂ ಹಾಕಬೇಕು ಅನ್ನೋದಕ್ಕೆ. ತಂಗಿಗೆ ಮಲ್ಲಿಗೆ ಬಳ್ಳಿ ಬೇಕು. ಅವ್ವನಿಗೆ ಕಸೂತಿಯ ಕಮಲವೇ ಆಗಬೇಕು. ಬಳ್ಳಾರಿಯ ಚಿಗವ್ವ ಫೋನಿನಲ್ಲೇ ಕೂಗಾಡಿದರು: "ಈಗ ಎಲ್ಲಾರೂ ಮಗ್ಗಂ ವರ್ಕ್ ಹಾಕಸ್ತಾರ, ನೀವೇನು ಹಳೇ ಕಾಲದಾಗ ಅದೀರಿ?" (ನಮ್ಮ ಕಡೆ ಕುಬಸ ಅಂದ್ರೆ ಸೀಮಂತವೂ ಹೌದು, ಬ್ಲೌಸೂ ಹೌದು. ಹಾಗಾಗಿ ಕುಬಸದ ಕುಬಸಕ್ಕೆ ಏನು ಹಾಕಿಸೋದು ಅಂತ ಮನೆಯಲ್ಲಿ ಎರಡು ದಿನ ಅದೇ ಮಾತು.) ನಾನು ಗಂಗಾವತಿಯಲ್ಲಿ ಮನೆಯಲ್ಲೇ ಕೂತು ಕೈಯಿಂದ ಹೂ ಹಾಕಿಕೊಡುವವಳು, ಆದ್ದರಿಂದ ಪಂಚಾಯ್ತಿ ನನ್ನ ತಲೆಗೇ ಬಂತು.

ಬಹಳ ಜನ ಮೊದಲು ಫೋನಿನಲ್ಲಿ ಒಂದು ಚಿತ್ರ ಮೆಚ್ಚುತ್ತಾರೆ, ಆಮೇಲೆ ಅದನ್ನು ಯಾರು ಹಾಕಿಕೊಡುತ್ತಾರೆ ಅಂತ ಹುಡುಕುತ್ತಾರೆ, ಬಟ್ಟೆಯ ಮಾತು ಬರುವುದು ಎಲ್ಲದರ ಕೊನೆಗೆ. ನೀವು ಬಟ್ಟೆಯಿಂದ ಶುರು ಮಾಡಿ. ಯಾಕೆಂದರೆ ಹೂ ಹಾಕುವ ಕೆಲಸದಲ್ಲಿ ಎರಡು ಜಾತಿ ಇವೆ. ಒಂದು, ಬಟ್ಟೆಯ ಎಳೆ ಎಣಿಸಿ ಹಾಕುವುದು. ಇನ್ನೊಂದು, ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಂಡು ಆ ಗೆರೆಯ ಮೇಲೆ ಹಾಕುವುದು. ಎಣಿಸಿ ಹಾಕಿದ ಹೂವಿಗೆ ಮೂಲೆಗಳಿರುತ್ತವೆ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಬರೆದು ಹಾಕಿದ ಹೂ ಬಳುಕುತ್ತದೆ. ನಮ್ಮ ಕಸೂತಿ ಎಣಿಸಿ ಹಾಕುವ ಜಾತಿ, ಕಸೂತಿಯವರ ಹತ್ತಿರ ಹೋಗಿ ಬಳುಕುವ ಬಳ್ಳಿ ಕೇಳಿದರೆ ಅವರಿಗೂ ಕಷ್ಟ, ನಿಮಗೂ ಬೇಜಾರು.

ಕಸೂತಿಯಿಂದಲೇ ಶುರು ಮಾಡೋಣ, ನನಗೆ ಅದರ ಮೇಲೆ ಸ್ವಲ್ಪ ಪಕ್ಷಪಾತ ಇದೆ ಅಂತ ಮೊದಲೇ ಹೇಳಿಬಿಡುತ್ತೇನೆ. ಧಾರವಾಡದ ಕಡೆಯ ಕೆಲಸ ಅಂತ ಹೆಸರು, ಆದರೆ ಇಳಕಲ್ ಸೀರೆ ಉಡುವ ಊರುಗಳಲ್ಲೆಲ್ಲಾ ಅದು ಓಡಾಡಿದೆ. ನಮ್ಮ ಕೊಪ್ಪಳ ಜಿಲ್ಲೆಗೆ ಇಳಕಲ್ ಪಕ್ಕದಲ್ಲೇ ಇದೆ, ಕುಷ್ಟಗಿ ದಾಟಿದರೆ ಬಂದೇ ಬಿಡ್ತು. ಕಸೂತಿಯಲ್ಲಿ ನಾಲ್ಕು ಹೊಲಿಗೆ. ಗವಂತಿ ಅಂದ್ರೆ ಗೆರೆ: ಎಣಿಸಿದಷ್ಟು ಎಳೆ ಬಿಟ್ಟು ಅಷ್ಟೇ ಎಳೆ ಹಿಡಿದು ಮುಂದೆ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬಂದು ಬಿಟ್ಟ ಜಾಗ ತುಂಬುವುದು. ಮುರ್ಗಿಯೂ ಹಾಗೇ, ಆದರೆ ಮೆಟ್ಟಿಲಿನಂತೆ ಅಂಕುಡೊಂಕು. ನೇಯ್ಗೆ ಹೊಲಿಗೆ ನೋಡಿದರೆ ಮಗ್ಗದಲ್ಲೇ ನೇಯ್ದಂತೆ ಕಾಣುತ್ತದೆ. ಮೆಂತಿ ಅಂದ್ರೆ ಅಡ್ಡಡ್ಡ ಕತ್ತರಿ ಹೊಲಿಗೆ, ಹೂವಿನ ಒಳಗೆ ತುಂಬೋದಕ್ಕೆ. ಗವಂತಿ, ಮುರ್ಗಿ ಎರಡೂ ಬಟ್ಟೆಯ ಮುಂದೆ ಹಿಂದೆ ಒಂದೇ ಥರ ಕಾಣುತ್ತವೆ. ಗಂಟು ಹಾಕುವ ಹಾಗಿಲ್ಲ. ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳುವ ಹಾಗೂ ಇಲ್ಲ.

ಇದರಲ್ಲಿ ಗಿಡ ಬಳ್ಳಿ ಏನೇನಿದೆ? ಎಲ್ಲಕ್ಕಿಂತ ಗಟ್ಟಿ ತುಳಸಿ ಕಟ್ಟೆ. ಕೆಳಗೆ ಕಟ್ಟೆ, ಮೇಲೆ ಗಿಡ. ಅದು ಗಿಡದ ಚಿತ್ರವೂ ಹೌದು, ಮನೆಯ ಚಿತ್ರವೂ ಹೌದು. ಆಮೇಲೆ ಕಮಲ. ರುದ್ರಾಕ್ಷಿ, ದಡಿಯ ಪಕ್ಕ ಓಡುವ ಸಣ್ಣ ಬಳ್ಳಿ, ಅಲ್ಲಲ್ಲಿ ಉದುರಿಸಿದ ಪುಟ್ಟ ಹೂಗಳು. ಇವುಗಳ ಜೊತೆ ತೇರು, ಗೋಪುರ, ಅಂಬಾರಿ ಆನೆ, ನವಿಲು, ಗಿಳಿ ಇರಲೇಬೇಕು, ಬರೀ ಹೂವಿನ ಕಸೂತಿ ನನಗೆ ಯಾಕೋ ಜಾತ್ರೆ ಮುಗಿದ ಬಯಲಿನ ಹಾಗೆ ಕಾಣುತ್ತದೆ. ಸೀರೆಯಲ್ಲಿ ದೊಡ್ಡ ಚಿತ್ರಗಳು ಸೆರಗಿನ ಹತ್ತಿರ, ದೂರ ಹೋದ ಹಾಗೆ ಸಣ್ಣವು. ಇದನ್ನು ಉಲ್ಟಾ ಮಾಡಿದ ಸೀರೆಗಳನ್ನೂ ನೋಡಿದ್ದೇನೆ, ಉಟ್ಟಾಗ ಮೊಣಕಾಲ ಹತ್ತಿರ ಆನೆ ನಿಂತಿರುತ್ತದೆ.

ಕಸೂತಿ ಆರಿಸುವ ಮುಂಚೆ ಒಂದು ಪರೀಕ್ಷೆ ಮಾಡಿ. ಹಗಲು ಬೆಳಕಿನಲ್ಲಿ ಬಟ್ಟೆ ಹಿಡಿದು, ಸೂಜಿಯ ಮೊನೆಯಿಂದ ಒಂದು ಉಗುರಿನ ಅಗಲದಲ್ಲಿ ಎಷ್ಟು ಎಳೆ ಇವೆ ಎಣಿಸಿ. ಉದ್ದಕ್ಕೂ ಎಣಿಸಿ, ಅಡ್ಡಕ್ಕೂ ಎಣಿಸಿ. ಎರಡೂ ಲೆಕ್ಕ ಹತ್ತಿರ ಹತ್ತಿರ ಇದ್ದರೆ ಸರಿ. ಬಹಳ ವ್ಯತ್ಯಾಸ ಇದ್ದರೆ ಹಾಕಿದ ಕಮಲ ಒಂದೋ ಚಪ್ಪಟೆ ಆಗುತ್ತದೆ, ಇಲ್ಲವೇ ಸೌತೆಕಾಯಿ ಥರ ಉದ್ದ ಆಗುತ್ತದೆ. ಎಳೆ ಕಣ್ಣಿಗೆ ಕಾಣದಷ್ಟು ನುಣುಪು ರೇಷ್ಮೆ ಅಥವಾ ಸ್ಯಾಟಿನ್ ಇದ್ದರೆ ನೇರವಾಗಿ ಎಣಿಸಲು ಆಗುವುದಿಲ್ಲ. ಅದಕ್ಕೆ ಒಂದು ಉಪಾಯ ಇದೆ: ಜಾಳು ಜಾಳಾದ ಕ್ಯಾನ್ವಾಸ್ ಬಟ್ಟೆಯನ್ನು ಮೇಲೆ ಟಾಕಿ, ಅದರ ಎಳೆ ಎಣಿಸಿ ಹಾಕಿ, ಕೆಲಸ ಮುಗಿದ ಮೇಲೆ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಜಗ್ಗಿ ತೆಗೆಯುವುದು. ಕೆಲಸ ಚೆನ್ನಾಗೇ ಬರುತ್ತದೆ, ಆದರೆ ಆ ಎಳೆ ಜಗ್ಗುವ ದಿನ ಮನೆಯಲ್ಲಿ ಯಾರೂ ನನ್ನನ್ನು ಮಾತಾಡಿಸಬಾರದು.

ಹೊಸದಾಗಿ ಕಲಿಯುವವರು ಮ್ಯಾಟಿ ಬಟ್ಟೆಯ (ಎಳೆ ಸುಲಭವಾಗಿ ಎಣಿಸಲು ಬರುವ ದಪ್ಪ ನೇಯ್ಗೆಯ ಬಟ್ಟೆ) ಮೇಲೆ ಕಲಿಯಿರಿ. ನಾನು ಧೈರ್ಯ ಮಾಡಿ ಮೊದಲ ಸಲವೇ ಕಪ್ಪು ಸೀರೆಯ ಮೇಲೆ ಕಮಲ ಶುರು ಮಾಡಿದ್ದೆ. ಎಲ್ಲೋ ಒಂದೇ ಒಂದು ಎಳೆ ತಪ್ಪಿತ್ತು. ಹೋಗುವಾಗ ಗೊತ್ತಾಗುವುದಿಲ್ಲ ನೋಡಿ, ವಾಪಸ್ ಬರುವಾಗ ದಳ ಕೂಡುವುದೇ ಇಲ್ಲ. ಮೂರು ಸಂಜೆಯ ಕೆಲಸ ಬಿಚ್ಚಿದೆ. ಅವ್ವ ಪಕ್ಕದಲ್ಲಿ ಕೂತು ಶೇಂಗಾ ಒಡೆಯುತ್ತಾ "ಕಪ್ಪು ಸೀರಿಗೆ ಕೈ ಹಚ್ಚೂ ಮುಂಚೆ ನನ್ನ ಕೇಳಬೇಕಿತ್ತು" ಅಂತ ಅಷ್ಟೇ ಅಂದಳು.

ಲಂಬಾಣಿ ಕೆಲಸ ಬೇರೆಯೇ ಲೋಕ. ನಮ್ಮ ಜಿಲ್ಲೆಗಳು ಹೆಮ್ಮೆಯಿಂದ ಹೇಳಬೇಕಾದದ್ದು ಅಂದರೆ ಇದೇ. ಬಳ್ಳಾರಿ ಜಿಲ್ಲೆಯ ಸಂಡೂರಿನ ಲಂಬಾಣಿ ಕೆಲಸಕ್ಕೆ ಜಿಐ ಗುರುತು (ಇದು ಆ ಊರಿನದೇ ಅಂತ ಸರ್ಕಾರ ಕೊಡುವ ಗುರುತು) ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಹೆಣ್ಣುಮಕ್ಕಳು ಮಾಡಿದ 1,755 ವಸ್ತುಗಳನ್ನು ಒಂದೇ ಕಡೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಆಯ್ತು. ಅಷ್ಟೆಲ್ಲಾ ಆದಮೇಲೂ ನಮ್ಮವರು "ಕನ್ನಡಿ ವರ್ಕ್" ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಕನ್ನಡಿ ಒಂದು ಭಾಗ ಅಷ್ಟೇ. ಸಂಡೂರಿನವರು 14 ಬಗೆಯ ಹೊಲಿಗೆ ಲೆಕ್ಕ ಹೇಳುತ್ತಾರೆ: ಕಿಲನ್, ವೇಲೆ, ಬಕ್ಯಾ, ಮಕಿ, ರೇಲೋ, ಗಾದ್ರಿ, ನಕ್ರಾ ಹೀಗೆ. ಅದರಲ್ಲಿ ಒಂದರ ಹೆಸರೇ ಸೂರ್ಯಕಾಂತಿ ಮಕಿ. ರಾಯಚೂರು ಕೊಪ್ಪಳದ ಹೊಲದಲ್ಲಿ ಸೂರ್ಯಕಾಂತಿ ನೋಡುತ್ತಾ ಬೆಳೆದವರಿಗೆ ಆ ಹೆಸರು ಕೇಳಿದರೇನೇ ಖುಷಿ ಅಲ್ವಾ?

ಆದರೆ ಇಲ್ಲಿ ಒಂದು ಮಾತು ತಿಳಿದಿರಲಿ. ಲಂಬಾಣಿ ಕೆಲಸದ ಜೀವ ಇರುವುದು ಚೌಕ, ತ್ರಿಕೋನ, ವಜ್ರ, ವೃತ್ತದಲ್ಲಿ. ಹೂ ಇದ್ದರೂ ಅದು ಒಂದು ಗುಂಡು ಕನ್ನಡಿ, ಅದರ ಸುತ್ತ ದಾರದ ದಳ, ಹೀಗೆ ಇರುತ್ತದೆ. ಅದು ಮಲ್ಲಿಗೆಯೋ ದಾಸವಾಳವೋ ಅಂತ ಕೇಳಬಾರದು. ಅದು ಹೂ, ಅಷ್ಟೇ. "ನಿಜವಾದ ಗುಲಾಬಿ ಥರ ಹಾಕಿಕೊಡಿ" ಅಂತ ತಾಂಡಾದ ಅಕ್ಕನ ಹತ್ತಿರ ಕೇಳಿದ ಒಬ್ಬರು ನನಗೆ ಗೊತ್ತು. ಆ ಅಕ್ಕ ನಕ್ಕು "ಗುಲಾಬಿ ಬೇಕಾದ್ರ ಗಿಡಕ್ಕ ಹೋಗ್ರಿ" ಅಂದರಂತೆ.

ಎಲ್ಲಿ ಚೆನ್ನ? ಬ್ಯಾಗು, ದಿಂಬಿನ ಕವರು, ಗೋಡೆಗೆ ತೂಗು ಹಾಕುವ ಬಟ್ಟೆ, ಕುರ್ತಾದ ಎದೆ ಭಾಗ, ದುಪಟ್ಟಾದ ಎರಡು ತುದಿ. ಇನ್ನೊಂದು ಜಾಗ ನಾನು ಗಟ್ಟಿಯಾಗಿ ಹೇಳುತ್ತೇನೆ: ಜೀನ್ಸ್ ಜಾಕೆಟ್. ಬಳ್ಳಾರಿಯಲ್ಲಿ ಮನೆ ಮನೆಯಲ್ಲಿ ಜೀನ್ಸ್ ಹೊಲಿಯುತ್ತಾರೆ, ಸಂಡೂರು ಅಲ್ಲೇ ಪಕ್ಕದಲ್ಲಿ. ಲಂಬಾಣಿ ಪಟ್ಟಿಯನ್ನು ಬೇರೆ ಬಟ್ಟೆಯ ಮೇಲೆ ಮಾಡಿಸಿ ಜಾಕೆಟಿನ ಬೆನ್ನಿಗೆ ಕೂಡಿಸಿದರೆ ಅದರ ಮುಂದೆ ಬೇರೆ ಯಾವುದೂ ನಿಲ್ಲುವುದಿಲ್ಲ. ಜೀನ್ಸಿನ ಮೇಲೆ ನೇರವಾಗಿ ಸೂಜಿ ಹಾಕುವ ಸಾಹಸ ಬೇಡ, ಬೆರಳು ಉಳಿಯುವುದಿಲ್ಲ. ತೆಳುವಾದ ಸೀರೆಗೆ, ತೆಳುವಾದ ಬ್ಲೌಸಿಗೆ ಲಂಬಾಣಿ ಬೇಡ. ಕನ್ನಡಿಯ ಭಾರಕ್ಕೆ ಬಟ್ಟೆ ಜೋತು ಬೀಳುತ್ತದೆ. ತೊಳೆಯುವಾಗ ಮಷಿನ್ನಿಗೆ ಹಾಕಬೇಡಿ, ಕಲ್ಲಿನ ಮೇಲೆ ಬಡಿಯುವುದಂತೂ ಬೇಡವೇ ಬೇಡ.

ಈಗ ಚಿಗವ್ವನ ಮಗ್ಗಂ ವರ್ಕ್. ಹೆಸರಿನಲ್ಲೇ ಮಗ್ಗ ಇದೆ, ಆದರೆ ನೇಯುವ ಮಗ್ಗ ಅಲ್ಲ. ಕಟ್ಟಿಗೆಯ ಚೌಕಟ್ಟಿಗೆ ಬಟ್ಟೆ ಬಿಗಿದು, ಕೊಕ್ಕೆ ಇರುವ ಆರಿ ಸೂಜಿಯಿಂದ ಮೇಲಿನಿಂದ ಚುಚ್ಚಿ ಕೆಳಗಿನ ದಾರ ಎಳೆದು ಸರಪಳಿ ಹೊಲಿಗೆ ಹಾಕುತ್ತಾರೆ. ಚಿತ್ರವನ್ನು ಬಟರ್ ಪೇಪರಿನ ಮೇಲೆ ಬರೆದು, ಗೆರೆಯ ಉದ್ದಕ್ಕೂ ಸೂಜಿಯಿಂದ ತೂತು ಮಾಡಿ, ಸೀಮೆಎಣ್ಣೆಯಲ್ಲಿ ಕಲಸಿದ ಪುಡಿಯನ್ನು ಉಜ್ಜಿದರೆ ಬಟ್ಟೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಇಳಿಯುತ್ತದೆ. ಅಂದ್ರೆ ಇದು ಬರೆದು ಹಾಕುವ ಜಾತಿ. ಆದ್ದರಿಂದ ಬಳ್ಳಿ, ಮಾವಿನಕಾಯಿ, ಅರಳಿದ ಕಮಲ, ಸುತ್ತಿಕೊಂಡ ಎಲೆ, ಎಲ್ಲಾ ಬರುತ್ತದೆ. ಮಾವಿನಕಾಯಿಯ ಬಾಗು ಆರಿ ಸೂಜಿಯಲ್ಲಿ ಬಂದಷ್ಟು ಚೆಂದ ಇನ್ನು ಯಾವುದರಲ್ಲೂ ಬರುವುದಿಲ್ಲ, ಇದನ್ನು ಕಸೂತಿಯವಳಾಗಿ ನಾನೇ ಒಪ್ಪಿಕೊಳ್ಳುತ್ತೇನೆ.

ಮಗ್ಗಂ ಹಾಕಿಸುವವರು ಹೂವಿನ ಆಕಾರ ಮಾತ್ರ ನೋಡಬೇಡಿ, ಹೂ ಯಾವುದರಿಂದ ತುಂಬಿದೆ ಅದನ್ನು ನೋಡಿ. ಬರೀ ರೇಷ್ಮೆ ದಾರದಲ್ಲಿ ತುಂಬಿದ ಹೂ ಹಗುರ, ಮೆತ್ತಗೆ, ಹೆಚ್ಚು ದಿನ ಬಾಳುತ್ತದೆ. ಜರ್ದೋಸಿ ಅಂದ್ರೆ ಸ್ಪ್ರಿಂಗಿನ ಥರ ಸುತ್ತಿದ ತಂತಿಯ ತುಂಡುಗಳು, ಉಬ್ಬಾಗಿ ಕಾಣುತ್ತದೆ, ಆದರೆ ಬೆವರು ಮತ್ತು ಸೆಂಟು ತಾಗಿದರೆ ಕಪ್ಪಾಗುತ್ತದೆ. ಗಮ್ಮಿನಲ್ಲಿ ಅಂಟಿಸಿದ ಕಲ್ಲು ಒಂದೊಂದಾಗಿ ಉದುರುತ್ತದೆ, ಊಟಕ್ಕೆ ಕೂತಾಗ ಎಲೆಯಲ್ಲಿ ಕುಂದನ್ ಸಿಕ್ಕ ಕಥೆ ನಮ್ಮ ಮನೆಯಲ್ಲೇ ಇದೆ. ರಾಯಚೂರಿನ ಮೇ ತಿಂಗಳಲ್ಲಿ ಮದುವೆ ಇಟ್ಟುಕೊಂಡು ಬೆನ್ನು ತೋಳು ಎಲ್ಲಾ ತುಂಬ ಜರ್ದೋಸಿ ಹಾಕಿಸಿಕೊಂಡರೆ ಮದುಮಗಳು ಫೋಟೋದಲ್ಲಿ ನಗುತ್ತಾಳೆ, ಒಳಗೆ ಬೇಯುತ್ತಾಳೆ. ಬೇಸಿಗೆ ಮದುವೆಗೆ ತೋಳಿನ ಅಂಚು ಮತ್ತು ಬೆನ್ನಿನ ಕುತ್ತಿಗೆ ಸುತ್ತ ಸಾಕು.

ಇನ್ನೊಂದು ವಿಷಯ, ಇದು ದುಡ್ಡು ಉಳಿಸುವ ಮಾತು. ಮಗ್ಗಂ ಕೆಲಸ ಬಟ್ಟೆ ಕತ್ತರಿಸುವ ಮುಂಚೆ ಆಗಬೇಕು. ಮೊದಲು ನಿಮ್ಮ ಟೇಲರ್ ಹತ್ತಿರ ಹೋಗಿ ಬ್ಲೌಸ್ ಪೀಸಿನ ಮೇಲೆ ಅಳತೆ ಗುರುತು ಮಾಡಿಸಿ, ಬದಿಗೆ ಹೊಲಿಗೆಗೆ ಅಂತ ಜಾಗ ಬಿಡಿಸಿ, ಆಮೇಲೆ ಮಗ್ಗಂನವರಿಗೆ ಕೊಡಿ. ಹೂ ಹೊಲಿಗೆಯೊಳಗೆ ಹೋಗುವಂತೆ ಹಾಕಿಸಿದರೆ ಮುಂದೆ ಬಿಗಿಯಾದಾಗ ಬಿಚ್ಚಲು ಬರುವುದಿಲ್ಲ. ಮದುವೆಯ ಬ್ಲೌಸು ವರ್ಷದ ನಂತರ ಬಿಗಿಯಾಗುತ್ತದೆ, ಅದನ್ನು ಬಿಡಿಸಿ ಹೇಳಬೇಕಾ?

ಸಾದಾ ಸೂಜಿಯ ಹೂವನ್ನು ಎಲ್ಲರೂ ಮರೆತೇಬಿಟ್ಟಿದ್ದಾರೆ. ಶಾಲೆಯಲ್ಲಿ ಕರ್ಚೀಫಿನ ಮೂಲೆಗೆ ಹಾಕಿದ್ದೆವಲ್ಲ, ಅದೇ. ರಿಂಗಿಗೆ ಬಟ್ಟೆ ಹಾಕಿ, ಆರೆಳೆಯ ಲಡಿಯಿಂದ ಎರಡೋ ಮೂರೋ ಎಳೆ ಬಿಡಿಸಿಕೊಂಡು ಹಾಕುವ ಕೆಲಸ. ಲೇಜಿ ಡೇಜಿಯಲ್ಲಿ (ದಾರದ ಕುಣಿಕೆ ಹಾಕಿ ತುದಿ ಹಿಡಿಯುವುದು) ಐದು ದಳ, ನಡುವೆ ಫ್ರೆಂಚ್ ನಾಟ್ ಅನ್ನೋ ಪುಟ್ಟ ಗಂಟು, ಮುಗೀತು ಹೂ. ದೇಟಿಗೆ ಸ್ಟೆಮ್ ಸ್ಟಿಚ್. ಎಲೆಗೆ ಸ್ಯಾಟಿನ್ ಹೊಲಿಗೆ (ದಾರವನ್ನು ಒತ್ತೊತ್ತಾಗಿ ಸಾಲಾಗಿ ತುಂಬುವುದು) ಹಾಕುತ್ತಾರೆ, ನಾನು ಫಿಶ್‌ಬೋನ್ (ಮೀನಿನ ಮುಳ್ಳಿನ ಥರ ಎರಡೂ ಬದಿಯಿಂದ ನಡುವಿಗೆ ಬರುವ ಹೊಲಿಗೆ) ಹಾಕಿ ಅನ್ನುತ್ತೇನೆ, ನಡುವೆ ನರ ತಾನಾಗಿಯೇ ಕಾಣುತ್ತದೆ, ದಾರವೂ ಜೋಲುವುದಿಲ್ಲ. ಸ್ಯಾಟಿನ್ ಹೊಲಿಗೆ ಅಗಲವಾದಷ್ಟೂ ಬಳೆಗೆ, ಉಂಗುರಕ್ಕೆ ಸಿಕ್ಕಿ ಎದ್ದು ಬರುತ್ತದೆ, ಅಗಲ ದಳವಿದ್ದರೆ ಲಾಂಗ್ ಅಂಡ್ ಶಾರ್ಟ್ (ಒಂದು ಉದ್ದ, ಒಂದು ಗಿಡ್ಡ ಹೊಲಿಗೆ) ಹಾಕಿಸಿ, ಬಣ್ಣವೂ ತಿಳಿಯಿಂದ ಗಾಢಕ್ಕೆ ಮೆಲ್ಲಗೆ ತಿರುಗುತ್ತದೆ. ಮಲ್ಲಿಗೆ ಮೊಗ್ಗು ಬೇಕಾದವರಿಗೆ ಬುಲಿಯನ್ ಹೊಲಿಗೆ: ಸೂಜಿಗೆ ದಾರವನ್ನು ಆರೇಳು ಸುತ್ತು ಸುತ್ತಿ ಎಳೆದರೆ ಥೇಟ್ ಮೊಗ್ಗು. ಎರಡು ಮೊಗ್ಗು, ಒಂದು ಅರಳಿದ್ದು, ಮತ್ತೆ ಎರಡು ಮೊಗ್ಗು, ಹೀಗೆ ತೋಳಿನ ಸುತ್ತ ಹಾಕಿದರೆ ಹಡಗಲಿ ಮಲ್ಲಿಗೆಯ ಮಾಲೆ ಸುತ್ತಿದ ಹಾಗೆ. ಕಾಟನ್ ಬಟ್ಟೆಗೆ, ದಿನಾ ಉಡುವ ಬಟ್ಟೆಗೆ, ಮಕ್ಕಳ ಅಂಗಿಗೆ ಇದರಷ್ಟು ಚೆನ್ನಾಗಿ ಹೊಂದುವುದು ಬೇರೆ ಇಲ್ಲ. ಮೆತ್ತಗಿರುತ್ತದೆ, ಚುಚ್ಚುವುದಿಲ್ಲ. ಬಿಳಿ ಬಟ್ಟೆಯ ಮೇಲೆ ಕೆಂಪು ದಾರ ಹಾಕುವ ಮುಂಚೆ ಮಾತ್ರ ಒಂದು ತುಂಡು ದಾರವನ್ನು ನೆನೆಸಿ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ.

ಕಂಪ್ಯೂಟರ್ ಎಂಬ್ರಾಯ್ಡರಿ ಬಗ್ಗೆ ಮೂಗು ಮುರಿಯುವುದಿಲ್ಲ. ಬೇಗ ಆಗುತ್ತದೆ, ಅಗ್ಗ, ಐವತ್ತು ಹೂ ಹಾಕಿದರೂ ಐವತ್ತೂ ಒಂದೇ ಥರ. ಶಾಲೆಯ ಕಾರ್ಯಕ್ರಮಕ್ಕೆ ಇಪ್ಪತ್ತು ಲಂಗ ಬೇಕು ಅಂದರೆ ಕೈಯಲ್ಲಿ ಹಾಕಿಸುವುದು ಹುಚ್ಚುತನ. ಆದರೆ ಹಿಂದೆ ತಿರುಗಿಸಿ ನೋಡಿ: ಬಟ್ಟೆ ಸುಕ್ಕಾಗದಿರಲಿ ಅಂತ ಬಿಳಿ ಕಾಗದದಂಥ ಬ್ಯಾಕಿಂಗ್ ಇಟ್ಟಿರುತ್ತಾರೆ. ಅದು ಚರ್ಮಕ್ಕೆ ತಾಗಿದರೆ ಕಡಿತ. ನಾನೊಮ್ಮೆ ಒಂದು ಅಂಗಡಿಯಲ್ಲಿ ಕುತ್ತಿಗೆ ತುಂಬ ಹೂವಿನ ಬ್ಲೌಸು ಮಾಡಿಸಿಕೊಂಡು, ಲೈನಿಂಗ್ ಕೊಡಿ ಅಂತ ಹೇಳಲು ಮರೆತು, ಇಡೀ ಜಾತ್ರೆ ಕುತ್ತಿಗೆ ಕೆರೆದುಕೊಳ್ಳುತ್ತಾ ಓಡಾಡಿದೆ. ಲೈನಿಂಗ್ ಹಾಕಿಸಿ. ಕೈ ಕೆಲಸ ಅಂತ ಹೇಳಿ ಮಷಿನ್ನಿನದನ್ನು ಮಾರುತ್ತಾರಾ ಅಂದ್ರೆ, ಮಾರುತ್ತಾರೆ. ಗುರುತು ಸುಲಭ, ಮುಂದೆ ಬಣ್ಣ ಬಣ್ಣದ ದಾರ ಇದ್ದರೂ ಹಿಂದೆ ಎಲ್ಲಾ ಕಡೆ ಒಂದೇ ಬಿಳಿ ದಾರ ಓಡಿದ್ದರೆ ಅದು ಮಷಿನ್ನಿನದೇ. ಕಸೂತಿ ಅಂತ ಕೊಟ್ಟರೆ ಗೆರೆಗಳು ಹಿಂದೆಯೂ ಅಷ್ಟೇ ಚೊಕ್ಕ ಇರಬೇಕು.

ಹೊರಗಿನಿಂದ ಬರುವ ಕೆಲಸಗಳಲ್ಲಿ ನಮ್ಮ ಬಿಸಿಲಿಗೆ ಒಗ್ಗುವುದು ಲಖನೌದ ಚಿಕನ್‌ಕಾರಿ. ತೆಳು ಕಾಟನ್ ಮೇಲೆ ಅಚ್ಚಿನಿಂದ ಬಳ್ಳಿ ಒತ್ತಿ, ಅದರ ಮೇಲೆ ಹೊಲಿಗೆ ಹಾಕಿ, ಕೊನೆಗೆ ತೊಳೆದು ಅಚ್ಚಿನ ಗುರುತು ತೆಗೆಯುತ್ತಾರೆ. ಇದೂ ಬರೆದು ಹಾಕುವ ಜಾತಿ, ಅದಕ್ಕೇ ಅಷ್ಟು ನಯವಾದ ಬಳ್ಳಿ. ಬಿಳಿಯ ಮೇಲೆ ಬಿಳಿ ದಾರ, ಕಣ್ಣಿಗೂ ತಂಪು. ಪಂಜಾಬಿನ ಫುಲ್ಕಾರಿ ಅಂದ್ರೆ ಹೂವಿನ ಕೆಲಸ ಅಂತಲೇ ಅರ್ಥ, ಆದರೆ ಅದು ನಮ್ಮ ಕಸೂತಿಯ ಹಾಗೆ ಎಳೆ ಎಣಿಸಿ, ಅದೂ ಬಟ್ಟೆಯ ಹಿಂಬದಿಯಿಂದ ಹಾಕುವುದು. ಹಾಗಾಗಿ ಹೂಗಳಿಗೆಲ್ಲಾ ಮೂಲೆ. ಹುರಿ ಇಲ್ಲದ ರೇಷ್ಮೆ ದಾರ ಹೊಳೆಯುತ್ತದೆ, ಅಷ್ಟೇ ಬೇಗ ಕಿವಿಯ ಝುಮುಕಿಗೆ ಸಿಕ್ಕಿಕೊಳ್ಳುತ್ತದೆ. ಬಂಗಾಳದ ಕಾಂಥಾ ನಮ್ಮ ಕೌದಿಯ ದೂರದ ನೆಂಟ, ಹಳೇ ಬಟ್ಟೆ ಪದರ ಪದರ ಇಟ್ಟು ಸಾದಾ ಹೊಲಿಗೆ ಓಡಿಸುವುದು, ನಡುವೆ ದೊಡ್ಡ ಕಮಲ. ಕಾಶ್ಮೀರದ ಚಿನಾರ್ ಎಲೆಯ ಶಾಲು ತಂದವರು ಇಲ್ಲಿ ಅದನ್ನು ಬೀರುವಿನಲ್ಲೇ ಇಟ್ಟಿರುತ್ತಾರೆ, ಪಾಪ.

ಇನ್ನು ನಿಮಗೆ ಹೂ ಮೊದಲೇ ಮನಸ್ಸಿನಲ್ಲಿ ಕೂತಿದ್ದರೆ? ಆಗ ಹೂವಿನಿಂದ ಹಿಂದಕ್ಕೆ ಬನ್ನಿ. ಕಮಲ ಎರಡೂ ಜಾತಿಯಲ್ಲಿ ಬರುತ್ತದೆ, ಮೂಲೆ ಇರುವ ಕಮಲ ಬೇಕಾ ಅರಳಿದ ಕಮಲ ಬೇಕಾ ಅಂತ ನೀವೇ ಹೇಳಬೇಕು. (ಹಂಪಿಗೆ ಹೋದಾಗ ಮಂಟಪಗಳಲ್ಲಿ ತಲೆ ಎತ್ತಿ ಛಾವಣಿಯ ಕಲ್ಲಿನ ಕಮಲ ನೋಡಿ, ನಾನು ಅಲ್ಲಿಂದ ಎಷ್ಟೋ ನಕಾಶೆ ಕದ್ದಿದ್ದೇನೆ.) ಮಲ್ಲಿಗೆ, ಕನಕಾಂಬರ ಸಾದಾ ಸೂಜಿಗೆ. ಮಾವಿನಕಾಯಿ ಆರಿಗೆ. ತುಳಸಿ ಕಸೂತಿಗೇ, ಬೇರೆ ಯಾವುದರಲ್ಲಿ ಹಾಕಿದರೂ ಅದು ಯಾವುದೋ ಗಿಡ ಆಗಿಬಿಡುತ್ತದೆ. ಸೂರ್ಯಕಾಂತಿ ಲಂಬಾಣಿಗೆ, ನಡುವೆ ಕನ್ನಡಿ ಇಟ್ಟರೆ ಆಯ್ತು. ಹತ್ತಿ ಹೂ ಹಾಕಿದವರನ್ನು ನಾನು ಹೆಚ್ಚು ನೋಡಿಲ್ಲ, ರಾಯಚೂರಿನವರು ಯಾರಾದರೂ ಹಾಕಿಸಿ ನೋಡಿ. ಅರಳಿದ ದಿನ ತಿಳಿ ಹಳದಿ, ಮರುದಿನ ಗುಲಾಬಿ, ಒಂದೇ ಟೊಂಗೆಯಲ್ಲಿ ಎರಡು ಬಣ್ಣ. ಲಾಂಗ್ ಅಂಡ್ ಶಾರ್ಟ್ ಹೊಲಿಗೆಗೆ ಹೇಳಿ ಮಾಡಿಸಿದ ಹೂ ಅದು.

ಇಳಕಲ್ ಸೀರೆಯ ಮೇಲೆ ಏನಾದರೂ ಹಾಕುವವರು ಸೆರಗನ್ನು ಮೊದಲು ನೋಡಿ. ಅಲ್ಲಿ ನೇಯುವಾಗಲೇ ಜೋಳದ ತೆನೆಯ ಸಾಲು, ಹಣಿಗೆ, ಕೋಟೆಯ ಗೋಡೆಯಂಥ ನಕಾಶೆ ಬಂದಿರುತ್ತದೆ. ತೋಪು ತೆನಿ ಅಂತ ಕರೆಯುವುದು ಅದಕ್ಕೇ. ಅಷ್ಟು ಮೂಲೆ ಮೂಲೆಯ ನಕಾಶೆಯ ಪಕ್ಕದಲ್ಲಿ ಬಳುಕುವ ಬಳ್ಳಿ ಹಾಕಿದರೆ ಎರಡೂ ಮುಖ ತಿರುಗಿಸಿಕೊಂಡು ನಿಂತ ಹಾಗೆ ಕಾಣುತ್ತದೆ. ಅಲ್ಲಿಗೆ ಕಸೂತಿಯೇ ಸರಿ.

ತಂಗಿಯ ಸೀರೆಗೂ ಕಡೆಗೆ ಹಾಗೇ ಮಾಡಿದೆ. ಸೆರಗಿನ ಹತ್ತಿರ ಕಸೂತಿಯ ತುಳಸಿ ಕಟ್ಟೆ, ಅದರಿಂದ ದೂರಕ್ಕೆ ಸಣ್ಣ ಕಮಲಗಳು, ಅವ್ವನಿಗೆ ಸಮಾಧಾನ. ಬ್ಲೌಸು ಖಣದ್ದಲ್ಲ, ಸಾದಾ ಕಾಟನ್, ತೋಳಿನ ಸುತ್ತ ಬುಲಿಯನ್ ಮಲ್ಲಿಗೆ, ಒಳಗೆ ಯಾವ ಬ್ಯಾಕಿಂಗೂ ಇಲ್ಲ, ಬಸುರಿ ಹೆಂಗಸಿಗೆ ಚುಚ್ಚಬಾರದು ನೋಡಿ. ಚಿಗವ್ವನಿಗೆ ತೊಟ್ಟಿಲ ಕಾರ್ಯದ ಬ್ಲೌಸಿಗೆ ಮಗ್ಗಂ ಅಂತ ಮಾತು ಕೊಟ್ಟಿದ್ದೇವೆ.

ಯಾವುದೇ ಆರಿಸಿ, ದಿನ ಲೆಕ್ಕ ಹಾಕಿ ಕೊಡಿ. ಕಸೂತಿಯ ಸೀರೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಬ್ಲೌಸಿನ ತೋಳಿಗೆ ಸಾದಾ ಸೂಜಿ ಹೂ ನನಗೆ ನಾಲ್ಕೈದು ದಿನ. ಮಗ್ಗಂನವರ ಹತ್ತಿರ ಲಗ್ನದ ಸೀಸನ್ನಿನಲ್ಲಿ ಬ್ಲೌಸುಗಳ ಗುಡ್ಡೆ ಬಿದ್ದಿರುತ್ತದೆ, ಮುಹೂರ್ತ ಗೊತ್ತಾದ ವಾರವೇ ಕೊಟ್ಟುಬಿಡಿ. ಕೊಡುವಾಗ ಒಂದೇ ಒಂದು ಹೂವನ್ನು ಅದೇ ಬಟ್ಟೆಯ ಚೂರಿನ ಮೇಲೆ ಹಾಕಿ ತೋರಿಸಲು ಕೇಳಿ. ಫೋನಿನ ಚಿತ್ರಕ್ಕೂ ನಿಮ್ಮ ಬಟ್ಟೆಯ ಮೇಲಿನ ಹೂವಿಗೂ ಎಷ್ಟು ದೂರ ಅಂತ ಆಗಲೇ ಗೊತ್ತಾಗುತ್ತದೆ.